ಮೊಳೆ ಕಿತ್ತ ವ್ಯಾಪಾರಿ

"ಗುರುಗಳೇ, ಒಬ್ಬರು ಒಳಗೇ ಇಟ್ಟುಕೊಂಡ ನೋವನ್ನು ಬಾಯಿ ಬಿಡಿಸಿ ಹೊರಗೆ ತೆಗೆದರೆ ತಪ್ಪೇ?" ಎಂದು ವಾರಿಜಾ ಕೇಳಿದಳು.

ಅವಳ ತಂಗಿ ಗಂಡನ ಮನೆ ಬಿಟ್ಟು ತವರಿಗೆ ಬಂದು ತಿಂಗಳಾಗಿತ್ತು. ಏನಾಯಿತೆಂದು ಯಾರಿಗೂ ಹೇಳಿರಲಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದಳು, ಬಂದವರೊಡನೆ ನಗುತ್ತಿದ್ದಳು. ಆ ನಗುವನ್ನು ವಾರಿಜಾಳಿಂದ ನೋಡಲಾಗುತ್ತಿರಲಿಲ್ಲ.

"ಭಾನುವಾರ ಹೋಗಿ ಹೇಗಾದರೂ ಎಲ್ಲವನ್ನೂ ಹೇಳಿಸಿ ಬರುತ್ತೇನೆ. ಒಮ್ಮೆ ಅತ್ತುಬಿಟ್ಟರೆ ಹಗುರಾದಾಳು" ಎಂದಳು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಹೆಂಡತಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಅವಳ ಅಣ್ಣನ ಊರಿಗೆ ಹೊರಟಿದ್ದ. ಅಣ್ಣನ ಮಗುವಿಗೆ ಅಂದು ನಾಮಕರಣ. ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ಇವಳೇ. ದಾರಿಯುದ್ದಕ್ಕೂ ಆ ಹೆಸರನ್ನು ಗಂಡನ ಬೆನ್ನ ಹಿಂದೆ ಮೆಲ್ಲಗೆ ಹೇಳಿಕೊಳ್ಳುತ್ತ ಬಂದಳು.

ಅರ್ಧ ದಾರಿಯಲ್ಲಿ ಟೀ ಕುಡಿಯಲು ನಿಂತರು. ಆಗ ಹಿಂದಿನ ಟೈರಿನಲ್ಲಿ ಒಂದು ಮೊಳೆ ಕಂಡಿತು. ಅದು ಟ್ಯೂಬಿಲ್ಲದ ಟೈರು. ಹೊಕ್ಕ ಮೊಳೆಯನ್ನೇ ಬಿಗಿಯಾಗಿ ಕಚ್ಚಿಕೊಂಡು ಗಾಳಿ ಉಳಿಸಿಕೊಂಡಿತ್ತು.

"ಗಾಳಿ ಇದೆಯಲ್ರೀ. ನಿಧಾನಕ್ಕೆ ಹೋಗೋಣ. ಮುಂದೆ ಪಂಚರ್ ಅಂಗಡಿ ಸಿಕ್ಕಾಗ ತೋರಿಸಿದರಾಯ್ತು" ಎಂದಳು ಹೆಂಡತಿ.

"ಇಷ್ಟುದ್ದ ಮೊಳೆ ಕಣೇ! ಕಂಡೂ ಕಂಡೂ ಹೇಗೆ ಓಡಿಸಲಿ?"

ವ್ಯಾಪಾರಿ ಒಳ್ಳೆಯವನು. ಬೈಕಿಗೂ ನೋವಾಗುತ್ತದೆಂದು ನಂಬಿದವನು. ಇಕ್ಕಳ ತೆಗೆದು ಮೊಳೆ ಕಿತ್ತೇಬಿಟ್ಟ. ಬುಸ್ಸೆಂದು ಗಾಳಿ ಹೊರಟಿತು. ತಟ್ಟನೆ ಹೆಬ್ಬೆರಳನ್ನು ತೂತಿಗೆ ಒತ್ತಿ ಹಿಡಿದ. ಇನ್ನೊಂದು ಕೈಯಲ್ಲಿ, ತೂತಿಗೆ ತುರುಕುವ ಅಂಟಿನ ಬತ್ತಿಗಾಗಿ ಚೀಲವನ್ನೆಲ್ಲ ತಡಕಾಡಿದ. ಬತ್ತಿ ಮನೆಯಲ್ಲೇ ಉಳಿದಿತ್ತು.

"ಹೆಬ್ಬೆರಳು ಇಟ್ಕೊಂಡೇ ಗಾಡಿ ಓಡಿಸ್ತೀರೋ ಹೇಗೆ?" ಎಂದು ಹೆಂಡತಿ ನಕ್ಕಳು. ನಗುತ್ತಿದ್ದಂತೆಯೇ ಅವಳ ಕಣ್ಣು ತುಂಬಿತು.

ಇಬ್ಬರೂ ಬೈಕು ತಳ್ಳಿಕೊಂಡು ನಡೆದರು. ಪಂಚರ್ ಅಂಗಡಿ ಬಹಳ ದೂರದಲ್ಲಿತ್ತು. ತೂತು ಮುಚ್ಚಿಸಿ, ಗಾಳಿ ತುಂಬಿಸಿ, ಊರು ಮುಟ್ಟುವ ಹೊತ್ತಿಗೆ ಎಲ್ಲರೂ ಊಟಕ್ಕೆ ಕೂತಿದ್ದರು. ಮುಹೂರ್ತ ಮೀರುತ್ತದೆಂದು ಬೇರೊಬ್ಬರು ಹೆಸರು ಹೇಳಿ ಮುಗಿಸಿದ್ದರು. ಹೆಂಡತಿ ಗಂಡನನ್ನು ಬೈಯಲಿಲ್ಲ. ಮಲಗಿದ್ದ ಮಗುವಿನ ತೊಟ್ಟಿಲ ಪಕ್ಕ ಕೂತು, ಅದರ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡಳು. ವ್ಯಾಪಾರಿ ಕಪ್ಪಾದ ಹೆಬ್ಬೆರಳನ್ನು ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತುಬಿಟ್ಟ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ವಾರಿಜಾ ಬಹಳ ಹೊತ್ತು ಆ ಬಾಗಿಲಲ್ಲಿ ನಿಂತವನನ್ನೇ ನೆನೆಯುತ್ತಿದ್ದಳು. ಅವನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ.

"ಹಾಗಾದರೆ ಮೊಳೆ ಅಲ್ಲೇ ಇರಲಿ ಎನ್ನುತ್ತೀರಾ ಗುರುಗಳೇ? ಒಳಗೊಳಗೇ ಕೊರೆಯುವುದಿಲ್ಲವೇ?" ಎಂದು ಕೊನೆಗೆ ಕೇಳಿದಳು.

"ಕೊರೆಯುತ್ತದೆ, ಕೀಳಲೇಬೇಕು ಮಗಳೇ, ಆದರೆ ಭಾನುವಾರ ಅವಳು ಅತ್ತರೆ, ಸೋಮವಾರ ನೀನು ಎಲ್ಲಿರುತ್ತೀ?"