ಗಂಟೆಗೆ ಕಟ್ಟಿದ ಬಟ್ಟೆ

ಕರಾರು ಇಷ್ಟು. ಸಂತೆಯ ಹಿಂದಿನ ಸಂಜೆ ಟೆಲಿಫೋನ್ ಎಕ್ಸ್‌ಚೇಂಜಿನ ಬಾಗಿಲಿಗೆ ಅರಗಿನ ಮುದ್ರೆ ಬೀಳಬೇಕು. ಮರುದಿನ ಮಧ್ಯಾಹ್ನದವರೆಗೆ ಒಳಗೆ ಯಾರೂ ಕಾಲಿಡಕೂಡದು. ಅಷ್ಟು ಹೊತ್ತು ಪೇಟೆಯ ಕರೆಗಳು ಒಂದೂ ತಪ್ಪದೆ ಹೋದರೆ ಬೀಗದ ಕೈ ಹಾಲಯ್ಯ ಮೇಸ್ತ್ರಿಗಳಿಗೆ. ಒಂದು ತಪ್ಪಿದರೂ ಯಂತ್ರ ಕೂರಿಸಿದ ಕಂಪನಿಯ ಜನವೇ ಇಲ್ಲಿ ಉಳಿಯುತ್ತಾರೆ. ಮೇಸ್ತ್ರಿಗಳೂ ಅವರ ಶಿಷ್ಯ ಕೊಟ್ರೇಶಿಯೂ ಮೊದಲಿನ ಹಾಗೆ ಕಂಬ ಹತ್ತಿಕೊಂಡಿರಬೇಕು.

ಕರಾರು ಬರೆದವರು ಕಂಪನಿಯ ಸಾಹೇಬರು. ಸಾಕ್ಷಿ ಹಾಕಿದವರು ಅರಳೆ ವ್ಯಾಪಾರದ ಚನ್ನವೀರ ಶೆಟ್ಟರು. ಮೇಸ್ತ್ರಿಗಳು ಒಮ್ಮೆ ಓದಿದರು, ರುಜು ಹಾಕಿದರು.

ಅದು ನದಿ ದಂಡೆಯ ಪೇಟೆ. ಹತ್ತಿ ಬಂದು ಅರಳೆಯಾಗಿ ಹೋಗುವ ಊರು. ಮೊದಲು ಬೋರ್ಡಿನ ಮುಂದೆ ಒಬ್ಬರು ಕೂತು, ತಂತಿ ಸಿಕ್ಕಿಸಿ ಕರೆ ಕೊಡುತ್ತಿದ್ದರು. ಶೆಟ್ಟರು ಫೋನಿನಲ್ಲಿ ಹೇಳಿದ ದರ, ಶೆಟ್ಟರು ರಿಸೀವರ್ ಇಡುವ ಮೊದಲೇ ಎದುರಂಗಡಿಗೆ ಮುಟ್ಟಿರುತ್ತಿತ್ತು.

ಅದಕ್ಕೇ ಪೇಟೆ ಯಂತ್ರ ಕೇಳಿತು. ಯಂತ್ರಕ್ಕೆ ಕಿವಿ ಇಲ್ಲ. ಬಾಯಿ ಇಲ್ಲ. ಇರುವುದೊಂದು ಗಂಟೆ.

ನಂಬರ್ ತಿರುಗಿಸಿದರೆ ಒಳಗೆ ಒಂದು ಕಬ್ಬಿಣದ ಕಡ್ಡಿ ಟಕ್ ಟಕ್ ಎಂದು ಮೆಟ್ಟಿಲು ಹತ್ತಿದ ಹಾಗೆ ಮೇಲೇರುತ್ತದೆ, ಪಕ್ಕಕ್ಕೆ ತಿರುಗುತ್ತದೆ, ಬೇಕಾದ ತಂತಿಯನ್ನು ಮುಟ್ಟುತ್ತದೆ. ಮಾತು ಮುಗಿದರೆ ತಾನೇ ಇಳಿದು ತನ್ನ ಜಾಗ ಸೇರುತ್ತದೆ. ಸೇರದೆ ಹೋದರೆ ಅದರ ತಲೆಯ ಮೇಲೆ ಕೆಂಪು ದೀಪ ಹತ್ತುತ್ತದೆ, ಗೋಡೆಯ ಗಂಟೆ ಹೊಡೆಯುತ್ತದೆ. ಇಂಥ ಕಡ್ಡಿಗಳು ಸಾಲುಸಾಲು.

ಕರಾರಿನ ದಿನ ಹತ್ತಿರವಾಗುತ್ತಿತ್ತು.

"ಮೇಸ್ತ್ರೀ, ಈ ವಾರ ಒಂದೂ ದೂರು ಬಂದಿಲ್ಲ," ಎಂದ ಕೊಟ್ರೇಶಿ.

"ಹೌದಾ?"

"ಗಂಟೆ ಒಂದು ಸಲ ಕೂಡ ಹೊಡೆದಿಲ್ಲ."

ಮೇಸ್ತ್ರಿಗಳು ಸ್ಟೂಲು ಎಳೆದುಕೊಂಡು ಹತ್ತಿದರು. ಗಂಟೆಯ ಬಟ್ಟಲಿಗೆ ಹಳೇ ಪಂಚೆಯ ತುಂಡೊಂದನ್ನು ಬಿಗಿಯಾಗಿ ಸುತ್ತಲಾಗಿತ್ತು. ಅದನ್ನು ಬಿಚ್ಚಿ ಕೆಳಗಿಳಿದರು.

"ಇದು?"

"ಸಾಹೇಬ್ರು ಯಾವಾಗ ಬೇಕಾದ್ರೂ ಈ ಬೀದೀಲಿ ಬರ್ತಾರೆ. ಅವರ ಕಿವಿಗೆ ಬೀಳಬಾರದು ಅಂತ." ಕೊಟ್ರೇಶಿಯ ದನಿಯಲ್ಲಿ ನಾಚಿಕೆ ಇರಲಿಲ್ಲ. "ನಾನು ದೀಪ ನೋಡ್ಕೊಂಡೇ ಇರ್ತೀನಿ. ಹತ್ತಿದ ಕೂಡಲೇ ಹೋಗಿ ಕಡ್ಡೀನ ಬೆರಳಲ್ಲಿ ತಳ್ತೀನಿ. ಇಳಿದು ಬಿಡುತ್ತೆ. ಪೇಟೆಗೆ ಗೊತ್ತೇ ಆಗಲ್ಲ."

"ಯಾರ ಬೆರಳು?"

"ನಂದೇ."

"ನೀನು ಊಟಕ್ಕೆ ಹೋದಾಗ?"

"ಊಟ ಇಲ್ಲಿಗೇ ತರಿಸ್ಕೊಳ್ತೀನಿ. ಮಲಗೋದೂ ಇಲ್ಲೇ." ಎದೆ ಉಬ್ಬಿತ್ತು.

"ಹಾಗಾದ್ರೆ ಬೋರ್ಡಿನ ಮುಂದೆ ಕೂತಿದ್ದವರನ್ನ ಎಬ್ಬಿಸಿ ನಿನ್ನನ್ನ ಕೂರಿಸಿದ ಹಾಗಾಯ್ತು," ಎಂದರು ಮೇಸ್ತ್ರಿಗಳು. "ಪೇಟೆಯವರು ಯಂತ್ರ ಕೇಳಿದ್ರು ತಮ್ಮ. ಬೆರಳು ಕೇಳಲಿಲ್ಲ."

ಕೊಟ್ರೇಶಿ ಕಡ್ಡಿಗಳ ಸಾಲಿನ ಕಡೆ ತಿರುಗಿದ. ಆಮೇಲೆ ಕೇಳಿದ, "ಹೊಸಾ ಯಂತ್ರ. ಯಾಕೆ ಸಿಕ್ಕಿಕೊಳ್ತವೆ ಮೇಸ್ತ್ರೀ?"

"ನೀನು ಏನೇನು ಮಾಡ್ತೀಯ ಇದಕ್ಕೆ?"

"ಚೆನ್ನಾಗೇ ನೋಡ್ಕೊಳ್ತೀನಿ. ದಿನಾ ಬೆಳಿಗ್ಗೆ ಒಂದೊಂದಕ್ಕೂ ಎಣ್ಣೆ. ನಮ್ಮಪ್ಪ ಜಿನ್ನಿಂಗ್ ಮಿಲ್ಲಲ್ಲಿ ಎಣ್ಣೆ ಬಿಡೋ ಕೆಲಸ ಮಾಡ್ತಿದ್ದ. ಎಣ್ಣೆ ಕಂಡ ಯಂತ್ರ ಕೈ ಬಿಡಲ್ಲ ಅಂತಿದ್ದ."

ಮೇಸ್ತ್ರಿಗಳು ಎಣ್ಣೆಯ ಡಬ್ಬಿ ತೆಗೆದುಕೊಂಡರು. "ಅಂಗೈ ಚಾಚು."

ಚಾಚಿದ. ಅಂಗೈ ತುಂಬ ಎಣ್ಣೆ ಬಿತ್ತು.

"ಹೀಗೇ ಹಿಡಕೊಂಡು ಜಿನ್ನಿಂಗ್ ಬೀದಿಯ ಕೊನೆ ಮುಟ್ಟಿ ಬಾ. ಮಡಚಬೇಡ."

ಕೊಟ್ರೇಶಿ ಹೊರಟ. ಬೀದಿಯಲ್ಲಿ ಗಾಡಿಗಳಿಂದ ಹತ್ತಿಯ ಅಂಡಿಗೆ ಇಳಿಸುತ್ತಿದ್ದ ಹಮಾಲರು ನಿಂತು ನೋಡಿದರು.

"ಏನಲೇ ಕೊಟ್ರೇಶಿ, ಯಾರಿಗೆ ಆರತಿ ಹಿಡಿದೀಯ?"

"ಭಿಕ್ಷಕ್ಕೆ ಹೊಂಟಾನೆ ಬಿಡ್ರೋ. ಎಕ್ಸ್‌ಚೇಂಜಲ್ಲಿ ಸಂಬಳ ಸಾಲದೇನೋ."

ಅವನು ಅಂಗೈ ಮಡಚದೆ ಹೋಗಿ ಬಂದ. ಬರುವ ಹೊತ್ತಿಗೆ ಅಂಗೈ ಬೆಳ್ಳಗಾಗಿತ್ತು. ಗಾಳಿಯಲ್ಲಿ ಹಾರುತ್ತಿದ್ದ ಅರಳೆಯ ಎಳೆಗಳೆಲ್ಲ ಬಂದು ಕೂತಿದ್ದವು.

"ಮುಷ್ಟಿ ಕಟ್ಟು," ಎಂದರು ಮೇಸ್ತ್ರಿಗಳು.

ಕಟ್ಟಿದ.

"ಉಜ್ಜು. ಇನ್ನೂ ಉಜ್ಜು. ಈಗ ಬಿಡಿಸು."

ಬೆರಳುಗಳು ಅಂಟಿಕೊಂಡು ಬಂದವು. ನಡುವೆ ಮಣ್ಣಿನ ಬಣ್ಣದ ಮೇಣದಂಥ ಮುದ್ದೆ.

ಕೊಟ್ರೇಶಿ ಅಂಗೈ ನೋಡಿದ. ಕಡ್ಡಿಗಳ ಸಾಲು ನೋಡಿದ. ಎಣ್ಣೆಯ ಡಬ್ಬಿಯನ್ನು ಹೊರಗಿಟ್ಟು, ಬ್ರಷ್ಷು, ಸ್ಪಿರಿಟ್ಟು ಹುಡುಕಲು ಹೋದ.

ಅವತ್ತಿನಿಂದ ಒಂದೊಂದೇ ಕಡ್ಡಿ ಬಿಚ್ಚಿ ತೊಳೆಯುವ ಕೆಲಸ ಶುರುವಾಯಿತು. ಬಟ್ಟೆ ಬಿಚ್ಚಿದ ಗಂಟೆ ಹೊತ್ತಿಲ್ಲದ ಹೊತ್ತಿನಲ್ಲಿ ಹೊಡೆಯಿತು. ಎಕ್ಸ್‌ಚೇಂಜಿನ ಎದುರಿಗೇ ಅಂಗಡಿಯಿದ್ದ ಚನ್ನವೀರ ಶೆಟ್ಟರು ಗಾದಿಯ ಮೇಲಿಂದಲೇ ಕೂಗಿದರು.

"ಏನ್ರೀ ಮೇಸ್ತ್ರೀ, ಎಕ್ಸ್‌ಚೇಂಜ್ ಹೋಗಿ ಗುಡಿ ಆಯ್ತಾ? ಗಂಟೆ ನಿಲ್ಲೋ ಹಾಗೇ ಕಾಣಲ್ಲ."

"ಬಂದು ಕೈ ಮುಗೀರಿ ಶೆಟ್ರೇ," ಎಂದರು ಮೇಸ್ತ್ರಿಗಳು. "ಕಾಣಿಕೆ ಹಾಕೋದು ಬಿಟ್ಟು ಬರೀ ಗಂಟೆ ಕೇಳಿದ್ರೆ ಹೇಗೆ?"

ಕೊಟ್ರೇಶಿಗೆ ಮುಖ ಎತ್ತಲು ಆಗುತ್ತಿರಲಿಲ್ಲ. ಆದರೆ ದಿನ ಕಳೆದ ಹಾಗೆ ಗಂಟೆ ಹೊಡೆಯುವುದು ಕಡಿಮೆಯಾಗುತ್ತಾ ಬಂತು. ಅವನು ತಳ್ಳಿದ್ದರಿಂದಲ್ಲ. ಕಡ್ಡಿಗಳು ತಾವೇ ಇಳಿಯುತ್ತಿದ್ದವು.

ಸಂತೆಯ ಹಿಂದಿನ ಸಂಜೆ ಬಂತು. ಸಾಹೇಬರು ಅರಗು, ಮೇಣದಬತ್ತಿ ಹಿಡಿದು ಬಾಗಿಲಲ್ಲಿ ನಿಂತರು. ಬೇರೆ ಸೀಮೆಯವರು, ಕನ್ನಡವನ್ನು ತೂಗಿ ತೂಗಿ ಆಡುತ್ತಿದ್ದರು.

"ಆಯಿತಾ?"

"ಒಂದು ಬಾಕಿ," ಎಂದ ಕೊಟ್ರೇಶಿ, ಮೇಸ್ತ್ರಿಗಳಿಗೆ ಮಾತ್ರ ಕೇಳುವ ಹಾಗೆ. ಅವನ ಕೈಯಲ್ಲಿ ಬ್ರಷ್ಷು ಇತ್ತು.

"ಯಾಕೆ ಬಾಕಿ?"

"ಅದರ ಮೇಲೆ ಶೆಟ್ರು ಮಾತಾಡ್ತಾ ಇದ್ದಾರೆ. ಮಗಳ ಮದುವೆ ಮಾತುಕತೆ, ಕೂಗೋದು ಬೀದಿಗೇ ಕೇಳ್ತಿದೆ. ಆ ದಂಡೆಯ ಮಿಲ್ಲಿನವರ ಜೊತೆ. ಆಗಿಂದ ನಿಂತು ಕಾಯ್ತಿದೀನಿ, ಮುಗೀತಾನೇ ಇಲ್ಲ. ವರೋಪಚಾರಕ್ಕೆ ಬಂದು ನಿಂತಿರಬೇಕು."

"ಮಾತು ಕತ್ತರಿಸಿ ತೊಳೀತೀಯಾ?"

"ಅಯ್ಯೋ, ಸಂಬಂಧ ಮುರಿದ್ರೆ?"

"ಹಾಗಾದ್ರೆ ಬಾಕಿ ಇರಲಿ."

"ಅದು ನಾಳೆ ಸಿಕ್ಕಿಕೊಂಡ್ರೆ? ಎಲ್ಲಾ ಸಲ ಅಲ್ಲ, ಒಮ್ಮೊಮ್ಮೆ ಸಿಕ್ಕಿಕೊಳ್ಳುತ್ತೆ. ಗಂಟೆ ಹೊಡೆಯುತ್ತೆ. ಸಾಹೇಬ್ರು ಎದುರಿಗೇ ಕೂತಿರ್ತಾರೆ." ಅವನು ಗಂಟೆಯ ಕಡೆ ನೋಡಿದ. "ಮೇಸ್ತ್ರೀ, ನಾಳೆ ಒಂದು ಬೆಳಗ್ಗೆ ಮಾತ್ರ..."

ಮೇಸ್ತ್ರಿಗಳು ಜೇಬಿನಿಂದ ಆ ಹಳೇ ಪಂಚೆಯ ತುಂಡು ತೆಗೆದು ಅವನ ಕೈಗೆ ಕೊಟ್ಟರು.

"ನಾಳೆ ಯಂತ್ರ ಗೆದ್ದರೆ ಬೀಗದ ಕೈ ನಿನ್ನ ಸೊಂಟಕ್ಕೆ. ನನಗೆ ವಯಸ್ಸಾಯ್ತು," ಎಂದರು. "ಒಳಗೆ ಹೋಗಿ ಕೋಣೆಯ ದೀಪ ಆರಿಸಿ ಬಾ. ಸಾಹೇಬ್ರು ಕಾಯ್ತಿದಾರೆ."

ಕೊಟ್ರೇಶಿ ಒಬ್ಬನೇ ಒಳಗೆ ಹೋದ. ಸ್ಟೂಲು ಎಳೆದ ಸದ್ದು ಕೇಳಿತು. ಸ್ವಲ್ಪ ಹೊತ್ತು ಯಾವ ಸದ್ದೂ ಇಲ್ಲ. ಮತ್ತೆ ಸ್ಟೂಲು ಎಳೆದ ಸದ್ದು.

ಹೊರಗೆ ಬಂದ. ಸಾಹೇಬರು ಬೀಗ ಹಾಕಿ, ಅರಗು ಸುರಿದು, ಮುದ್ರೆ ಒತ್ತಿದರು. ಮೇಸ್ತ್ರಿಗಳು ಮನೆಯ ದಾರಿ ಹಿಡಿದರು.

ಬೆಳಿಗ್ಗೆ ಪೇಟೆ ತುಂಬಿತು. ಸಾಹೇಬರು ಶೆಟ್ಟರ ಗಾದಿಯ ಮೇಲೆ ಕೂತು, ಫೋನ್ ಎಳೆದುಕೊಂಡು, ಊರಿನ ಒಂದೊಂದೇ ನಂಬರ್ ತಿರುಗಿಸತೊಡಗಿದರು. ದಲಾಲರ ಅಂಗಡಿ, ಆಸ್ಪತ್ರೆ, ರೈಲ್ವೆ ಸ್ಟೇಷನ್. ಎಲ್ಲ ಕಡೆಯಿಂದ "ಹಲೋ" ಬಂತು. ಪೇಟೆಯವರು ತಮ್ಮ ಪಾಡಿಗೆ ದರ ಕೂಗಿಕೊಳ್ಳುತ್ತಿದ್ದರು. ಯಾರದೂ ತಕರಾರಿಲ್ಲ.

ಕೊಟ್ರೇಶಿ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ. ಮೇಸ್ತ್ರಿಗಳು ಪಂಚೆ ಹೆಗಲಿಗೆ ಹಾಕಿಕೊಂಡು ನದಿಗೆ ಸ್ನಾನಕ್ಕೆ ಹೊರಟರು.

"ಇವತ್ತು ಕೂಡ ಹೋಗ್ತೀರಾ ಮೇಸ್ತ್ರೀ?"

"ಮೈ ಇವತ್ತೂ ಕೊಳೆಯಾಗುತ್ತಲ್ಲ," ಎಂದು ಹೋದರು.

ವ್ಯಾಪಾರ ಕಾವೇರಿದ ಹೊತ್ತಿನಲ್ಲಿ ಮುದ್ರೆಯ ಬಾಗಿಲ ಹಿಂದಿನಿಂದ ಗಂಟೆ ಹೊಡೆಯಿತು.

ಮುಚ್ಚಿಟ್ಟ ಸದ್ದಲ್ಲ. ಕಂಚಿನ ತುಂಬು ದನಿ. ಬೀದಿ ತಿರುಗಿ ನೋಡಿತು. ನದಿಯಲ್ಲಿ ಎದೆಮಟ್ಟ ನೀರಿನಲ್ಲಿ ನಿಂತಿದ್ದ ಮೇಸ್ತ್ರಿಗಳಿಗೂ ಕೇಳಿತು. ಒಂದು ಗಳಿಗೆ ಕಿವಿಗೊಟ್ಟರು. ಆಮೇಲೆ ಮುಳುಗು ಹಾಕಿದರು.

ಸಾಹೇಬರು ರಿಸೀವರ್ ಕೆಳಗಿಟ್ಟರು. "ಗಂಟೆ ಬಡಿಯಿತು. ದೋಷ ಇದೆ. ಕರಾರು ಮುಗಿಯಿತು."

"ತ್ಚು ತ್ಚು," ಎಂದರು ಶೆಟ್ಟರು. "ಇಷ್ಟು ದೂರ ಬಂದು."

ಕೊಟ್ರೇಶಿ ಎದ್ದು ನಿಂತ.

"ಸಾಹೇಬ್ರೇ, ಕರಾರು ಕರೆಯ ಮೇಲೆ. ಗಂಟೆಯ ಮೇಲೆ ಅಲ್ಲ. ಫೋನ್ ತಿರುಗಿಸಿ."

"ದೋಷ ಇರುವಾಗ?"

"ದೋಷ ಐತೆ. ಇಲ್ಲ ಅನ್ನಲ್ಲ. ಒಂದು ಕಡ್ಡಿ ಮೇಲೇ ನಿಂತಿದೆ. ಇಳಿದು ಜಾಗ ಸೇರೋವರೆಗೆ ಅದು ಖಾಲಿ ಅಂತ ಯಾರಿಗೂ ತೋರಿಸ್ಕೊಳ್ಳಲ್ಲ. ಮುಂದಿನ ಕರೆ ಅದನ್ನ ದಾಟಿ ಪಕ್ಕದ್ದನ್ನ ಹಿಡಿಯುತ್ತೆ. ತಿರುಗಿಸಿ ನೋಡಿ."

ಸಾಹೇಬರು ಶೆಟ್ಟರ ಕಡೆ ನೋಡಿದರು.

ಶೆಟ್ಟರು ಗಾದಿಯ ಮೇಲೆ ಸರಿಯಾಗಿ ಕೂತರು. ಕರಾರು ಎಂದ ಮೇಲೆ ಅವರಿಗೆ ಬೇರೆ ಕಳೆ ಬರುತ್ತಿತ್ತು. "ಸಾಕ್ಷಿ ಹಾಕಿದವನು ನಾನು. ಓದಿಯೇ ಹಾಕಿದೀನಿ. ಕರೆ ತಪ್ಪಬಾರದು ಅಂತ ಐತೆ. ಗಂಟೆ ಹೊಡೀಬಾರದು ಅಂತ ಎಲ್ಲೂ ಇಲ್ಲ. ಬರೆದವರು ನೀವೇ. ತಿರುಗಿಸ್ರಿ ಸಾಹೇಬ್ರೇ."

ಸಾಹೇಬರು ತಿರುಗಿಸಿದರು. ಕರೆ ಹೋಯಿತು. ಇನ್ನೊಂದು ತಿರುಗಿಸಿದರು. ಹೋಯಿತು.

ಗಂಟೆ ನಿಲ್ಲಲಿಲ್ಲ. ನಿಲ್ಲಿಸುವವರು ಒಳಗಿರಲಿಲ್ಲ. ಬೀದಿಯ ಜನ ನಗುತ್ತಾ ಹೋದರು.

"ಏನಲೇ ಕೊಟ್ರೇಶಿ, ನಿನ್ನ ಯಂತ್ರ ಅಳ್ತಾ ಐತಲ್ಲ?"

"ಅಳ್ತಿಲ್ಲ, ಕರೀತಿದೆ," ಎಂದ ಕೊಟ್ರೇಶಿ. "ನನ್ನನ್ನ."

ತಲೆ ತಗ್ಗಿಸದೆ, ಮಧ್ಯಾಹ್ನದವರೆಗೆ ಆ ಕಟ್ಟೆಯ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡೇ ಕೂತ. ಕರೆಗಳು ಹೋಗುತ್ತಲೇ ಇದ್ದವು.

ಹೊತ್ತು ನೆತ್ತಿಗೆ ಬಂದಾಗ ಸಾಹೇಬರು ಮುದ್ರೆ ಒಡೆದರು. ಒಳಗೆ ಹೋದವರು ದೀಪ ನೋಡಲಿಲ್ಲ, ಕಡ್ಡಿ ನೋಡಲಿಲ್ಲ. ನೇರ ಗಂಟೆಯ ಹತ್ತಿರ ಹೋಗಿ, ಸ್ಟೂಲು ಹತ್ತಿ, ಬಟ್ಟಲಿನ ಹಿಂದೆ ಹೆಬ್ಬೆರಳು ಆಡಿಸಿದರು. ಬಟ್ಟೆ ಕಟ್ಟಿದ ಗಂಟೆಗಳನ್ನು ಬೇರೆ ಊರುಗಳಲ್ಲಿ ಕಂಡಿದ್ದವರು, ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಒಂದು ದಾರದ ಎಳೆಯೂ ಇರಲಿಲ್ಲ.

ಆಮೇಲೆ ಕೇಳಿದರು. "ಯಾವುದು ಸಿಕ್ಕಿಕೊಂಡಿದೆ?"

ಕೊಟ್ರೇಶಿ ದೀಪದ ಕಡೆ ನೋಡದೆಯೇ ತೋರಿಸಿದ. ಅದರ ತಲೆಯ ಮೇಲೇ ಕೆಂಪು ದೀಪ ಉರಿಯುತ್ತಿತ್ತು.

"ಹೇಗೆ ಗೊತ್ತು?"

"ನಿನ್ನೆಯೇ ಗೊತ್ತಿತ್ತು. ತೊಳೆಯೋಕೆ ಆಗಲಿಲ್ಲ. ಒಬ್ಬರು ಮಾತಾಡ್ತಿದ್ದರು."

"ಗೊತ್ತಿದ್ದೂ ಗಂಟೆಯನ್ನು ಹಾಗೇ ಬಿಟ್ಟೆ."

"ಬಿಟ್ಟೆ."

ಅಷ್ಟರಲ್ಲಿ ಒದ್ದೆ ಪಂಚೆ ಹಿಂಡುತ್ತಾ ಮೇಸ್ತ್ರಿಗಳು ಬಾಗಿಲಿಗೆ ಬಂದರು. ಸಾಹೇಬರು ಎದುರು ಹೋಗಿ ಬೀಗದ ಕೈಯನ್ನು ಅವರ ಕೈಗೆ ಕೊಟ್ಟರು. ಮೇಸ್ತ್ರಿಗಳು ಅದನ್ನು ಶಿಷ್ಯನ ಸೊಂಟದ ಉಡಿದಾರಕ್ಕೆ ತಾವೇ ಕಟ್ಟಿದರು. ಗಂಟು ಬಿಗಿಯಾಗಿದೆಯಾ ಎಂದು ಒಮ್ಮೆ ಜಗ್ಗಿ ನೋಡಿದರು.

ಕೊಟ್ರೇಶಿ ಸಿಕ್ಕಿಕೊಂಡ ಕಡ್ಡಿಯನ್ನು ಬಿಚ್ಚಿಕೊಂಡ. ಗಂಟೆ ನಿಂತಿತು. ಪೇಟೆಗೆ ಏನೋ ಕಡಿಮೆಯಾದ ಹಾಗಾಯಿತು.

ಹಿಂದೆಯೇ ಬಂದ ಶೆಟ್ಟರು ಬಾಗಿಲ ಚೌಕಟ್ಟು ಹಿಡಿದು ನಕ್ಕರು. "ಮೇಸ್ತ್ರೀ, ನಮ್ಮ ಸಂಬಂಧ ಕುದುರಿತು. ನಿನ್ನೆ ಕತ್ತಲಾಗೋವರೆಗೆ ಹಿಡಿದು ಜಗ್ಗಿದೆ, ಕೊನೆಗೆ ಒಪ್ಪಿದ್ರು. ಇರಲಿ, ನಿಮ್ಮ ಲೆಕ್ಕ ಹೇಳಿ. ಈ ವ್ಯವಹಾರದಲ್ಲಿ ಯಾರಿಗೆ ಏನು ಬಂತು?"

ಮೇಸ್ತ್ರಿಗಳು ಶಿಷ್ಯನ ಕಡೆ ಕೈ ಚಾಚಿದರು. ಕೊಟ್ರೇಶಿ ಜೇಬಿನಿಂದ ಹಳೇ ಪಂಚೆಯ ತುಂಡು ತೆಗೆದು ಕೊಟ್ಟ. ಅವರು ಅದನ್ನು ಕೊಡವಿ, ನಾಲ್ಕು ಮಡಿಕೆ ಮಾಡಿ, ಮತ್ತೆ ಅವನ ಕೈಯಲ್ಲೇ ಇಟ್ಟರು.

"ನಿಮಗೊಬ್ಬ ಅಳಿಯ ಬಂದ ಶೆಟ್ರೇ. ಊರಿಗೊಂದು ಎಕ್ಸ್‌ಚೇಂಜ್ ಬಂತು. ಇವನಿಗೆ ಒಂದು ತುಂಡು ಬಟ್ಟೆ ಮಿಕ್ಕಿತು. ಹೋಗಪ್ಪ, ಆ ಕೆಂಪು ದೀಪದ ಗಾಜು ಮಸುಕಾಗಿದೆ, ಒರೆಸು. ದೂರದವರಿಗೂ ಕಾಣಲಿ."