ಕಲಾಭವನದಲ್ಲಿ ಕರಿಬಸವ ಪುಸ್ತಕ ಬಿಡುಗಡೆ ಮಾಡಿದ್ದು

ಶಿವನ ನೆನೆದು ಹೇಳುತ್ತೇನೆ, ನಕ್ಕವರಿಗೆ ಪುಣ್ಯ, ನಗದವರಿಗೂ ಪಾಪವಿಲ್ಲ.

ಒಂದು ಪೇಟೆ. ಪೇಟೆಗೊಂದು ಕಲಾಭವನ. ಅದರ ಕಸ ಗುಡಿಸುವವಳು ಹೊನ್ನವ್ವ. ಹೊನ್ನವ್ವನಿಗೊಬ್ಬ ಮಗ ಕರಿಬಸವ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು.

ಹೊನ್ನವ್ವನಿಗೆ ಮಂಡಿ ಹಿಡಿಯಿತು. ಕೆಲಸ ಬಿಟ್ಟರೆ ಭವನದ ಹಿಂದಿನ ಕೋಣೆಯನ್ನೂ ಬಿಡಬೇಕು. ಕಾರ್ಯದರ್ಶಿ ಗುರುಶಾಂತಪ್ಪನವರ ಮುಂದೆ ಸೆರಗೊಡ್ಡಿದಳು. ಅವರು, "ಆಗಲಿ, ಮಗನನ್ನು ಕಳಿಸು. ಈ ತಿಂಗಳ ಸಭೆಗಳನ್ನು ನೆಟ್ಟಗೆ ದಾಟಿಸಿದರೆ ಕೆಲಸ ಅವನದು, ಕೋಣೆ ನಿಮ್ಮದು" ಅಂದರು.

"ಬಸವಾ, ಹೇಳಿದ್ದಷ್ಟು ಮಾಡು. ಹೆಚ್ಚೂ ಬೇಡ, ಕಮ್ಮೀನೂ ಬೇಡ."

"ಹೂಂ ಕಣವ್ವ."

ಮೊದಲ ದಿನ ಗುರುಶಾಂತಪ್ಪನವರು, "ಇವತ್ತು ಪುಸ್ತಕ ಬಿಡುಗಡೆ ಕಣಯ್ಯಾ, ಅತಿಥಿಗಳು ಬರೋದರೊಳಗೆ ಎಲ್ಲ ಆಗಿರಬೇಕು!" ಅಂದು ಹೋದರು. ಕರಿಬಸವ ನೋಡಿದ. ಪುಸ್ತಕಗಳನ್ನು ಹಗ್ಗದಲ್ಲಿ ಬಿಗಿದು ಮೂಲೆಗೆ ಒತ್ತರಿಸಿದ್ದರು. ಅಯ್ಯೋ ಪಾಪ ಅನ್ನಿಸಿತು. ಹಗ್ಗ ಕೊಯ್ದ, ಗೇಟು ತೆಗೆದ, ಎಲ್ಲವನ್ನೂ ರಸ್ತೆಗೆ ಒಯ್ದಿಟ್ಟು, "ಹೋಗ್ರಪ್ಪಾ, ಎಲ್ಲಾದರೂ ಸುಖವಾಗಿರಿ" ಅಂದ. ಸಭೆಯ ಹೊತ್ತಿಗೆ ಅರ್ಧ ಪುಸ್ತಕಗಳು ಕಡಲೆಕಾಯಿ ಗಾಡಿಯವನ ಹತ್ತಿರ ಸುಖವಾಗಿದ್ದವು.

ಹೊನ್ನವ್ವ ಹಣೆ ಬಡಿದುಕೊಂಡಳು. "ಅಯ್ಯೋ ಪೆದ್ದೇ! ಬಣ್ಣದ ಕಾಗದದಲ್ಲಿ ಸುತ್ತಬೇಕು, ರಿಬ್ಬನ್ ಕಟ್ಟಬೇಕು, ತಟ್ಟೆಯಲ್ಲಿಟ್ಟು ವೇದಿಕೆಗೆ ತರಬೇಕು!"

"ಹಂಗೇ ಮಾಡ್ತೀನವ್ವ."

ಮರುವಾರ ಒಬ್ಬರು ಹಿರಿಯ ಕವಿಗಳಿಗೆ ಸನ್ಮಾನ. "ಕವಿಗಳನ್ನು ವೇದಿಕೆಗೆ ಕರೆದುಕೊಂಡು ಬಾ" ಅಂದರು. ಕರಿಬಸವ ಕವಿಗಳನ್ನು ಗುಲಾಬಿ ಕಾಗದದಲ್ಲಿ ಸುತ್ತಿದ. ಹೊಟ್ಟೆಗೆ ರಿಬ್ಬನ್ ಕಟ್ಟಿದ. ಅಡುಗೆಯವರ ದೊಡ್ಡ ಹರಿವಾಣದಲ್ಲಿ ಕೂರಿಸಿ ಎಳೆದು ತಂದ. ಕವಿಗಳು ತಕರಾರು ಮಾಡಲಿಲ್ಲ. ಈಗಿನ ಪದ್ಧತಿ ಇರಬೇಕು ಅಂದುಕೊಂಡಿದ್ದರು.

"ಅಯ್ಯೋ ಮುಠ್ಠಾಳ! ಶಾಲು ಹೊದಿಸಬೇಕು, ಹಾರ ಹಾಕಬೇಕು, ಕಾಲಿಗೆ ಬಿದ್ದು, 'ದಯಮಾಡಿ ನಾಲ್ಕು ಮಾತು ಆಡಿ' ಅನ್ನಬೇಕು!"

"ಹಂಗೇ ಮಾಡ್ತೀನವ್ವ."

ಮೂರನೆಯದು ಕವಿಗೋಷ್ಠಿ. "ಬಸವಾ, ಮೈಕು ಮಾತಾಡ್ತಾ ಇಲ್ಲ, ನೋಡು!" ಅಂದರು ಗುರುಶಾಂತಪ್ಪನವರು. ಕರಿಬಸವ ಓಡಿದ. ಮೈಕಿಗೆ ಶಾಲು ಹೊದಿಸಿದ, ಹಾರ ಹಾಕಿದ, ಕಂಬದ ಬುಡಕ್ಕೆ ಅಡ್ಡಬಿದ್ದು, "ದಯಮಾಡಿ ನಾಲ್ಕು ಮಾತು ಆಡಿ" ಅಂದ. ಮೈಕು ಆಡಲಿಲ್ಲ. ಇವನು ಏಳಲಿಲ್ಲ. ಕವಿಗಳು ಸಾಲಾಗಿ ನಿಂತು ಕಾದರು.

"ಅಯ್ಯೋ ನನ್ನ ಕರ್ಮವೇ! ಸುಮ್ಮನೆ ನಿಂತಿದ್ದರೆ ತಲೆಗೆ ಎರಡು ತಟ್ಟಿ, 'ಹಲೋ ಹಲೋ' ಅನ್ನೋ! ಕೂಗೋಕೆ ಹತ್ತಿದರೆ ಹಿಂದೆ ಸಿಗಿಸಿರೋದನ್ನ ಎಳೆದುಬಿಡು! ಬಸವಾ, ಉಳಿದಿರೋದು ಒಂದೇ ಸಭೆ. ಕೆಟ್ಟರೆ ನಾವು ಬೀದಿಗೆ."

"ಹಂಗೇ ಮಾಡ್ತೀನವ್ವ."

ಕೊನೆಯದು ಸಂತಾಪ ಸಭೆ. ಭವನದ ಅಧ್ಯಕ್ಷ ಪಂಚಾಕ್ಷರಯ್ಯನವರು ಜರಿಯಂಚಿನ ಕಚ್ಚೆಪಂಚೆ ಉಟ್ಟು ಬಂದಿದ್ದರು. ಎಲ್ಲರೂ ಮೌನಾಚರಣೆಗೆ ಎದ್ದು ನಿಂತರು. ಉಸಿರಿಲ್ಲ, ಪಿಸುಮಾತಿಲ್ಲ. ಅಧ್ಯಕ್ಷರೂ ಕಣ್ಣು ಮುಚ್ಚಿ ಸುಮ್ಮನೆ ನಿಂತಿದ್ದರು.

ಸುಮ್ಮನೆ!

ಕರಿಬಸವ ವೇದಿಕೆ ಹತ್ತಿದ. ಬೋಳುತಲೆಗೆ ಎರಡು ತಟ್ಟಿದ. "ಹಲೋ, ಹಲೋ."

"ಯಾವನೋ ಅವನು!" ಅಧ್ಯಕ್ಷರು ಕೂಗತೊಡಗಿದರು.

ಕೂಗೋಕೆ ಹತ್ತಿದರೆ ಏನು ಮಾಡಬೇಕೆಂದು ಅವ್ವ ಹೇಳಿದ್ದಳು. ಕರಿಬಸವ ಹಿಂದಕ್ಕೆ ಹೋಗಿ, ಸಿಗಿಸಿದ್ದನ್ನು ಹಿಡಿದು ಎಳೆದ.

ಸಭೆ ಮತ್ತೆ ಮೌನವಾಯಿತು. ಈ ಸಲ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಪಂಚೆ ಬಾಚಿಕೊಂಡು ಅಧ್ಯಕ್ಷರು ಗುಡುಗಿದರು: "ನಾಳೆಯಿಂದ ಈ ಭವನದ ಕಡೆ ಮುಖ ಹಾಕಬೇಡ!"

"ಆಗಲಿ ಸ್ವಾಮಿ."

ಹೊನ್ನವ್ವ ಅಳುತ್ತ ಪಾತ್ರೆಪಡಗ ಗಂಟು ಕಟ್ಟಿದಳು. ಬೆಳಿಗ್ಗೆ ನೋಡಿದರೆ ಮಗನಿಲ್ಲ. ಕುಂಟುತ್ತ ಭವನಕ್ಕೆ ಬಂದಳು. ಕರಿಬಸವ ಹಿಂದುಹಿಂದಕ್ಕೆ ಹೆಜ್ಜೆಯಿಟ್ಟು, ಗುಡಿಸುತ್ತ ಒಳಗೆ ಹೋಗುತ್ತಿದ್ದ.

"ಏನೋ ಇದು?" ಗುರುಶಾಂತಪ್ಪನವರು ಕೇಳಿದರು.

"ಮುಖ ಹಾಕಿಲ್ಲ ಸ್ವಾಮಿ. ಬೆನ್ನು ಹಾಕಿದೀನಿ."

ಗುರುಶಾಂತಪ್ಪನವರು ನೆಲ ನೋಡಿದರು. ಗುಡಿಸಿದ ಕಡೆ ಒಂದು ಹೆಜ್ಜೆಗುರುತಿಲ್ಲ. ಭವನ ಕಟ್ಟಿದ ಮೇಲೆ ನೆಲ ಅಷ್ಟು ಚೊಕ್ಕಟ ಆಗಿದ್ದಿಲ್ಲ. "ಹೊನ್ನವ್ವಾ, ಗಂಟು ಬಿಚ್ಚು" ಅಂದರು.

ಶಿವ ಕೊಟ್ಟದ್ದು ಅಷ್ಟು. ಈಗಲೂ ಅಧ್ಯಕ್ಷರು ಬಂದರೆ ಕರಿಬಸವ ಬಲು ಭಕ್ತಿಯಿಂದ ಬೆನ್ನು ತಿರುಗಿಸಿ, ಗೋಡೆಗೆ ಕೈ ಮುಗಿಯುತ್ತಾನೆ.