ಅದ್ದಿದ ಸೆರಗು

"ಗುರುಗಳೇ," ಎಂದು ಚನ್ನವೀರ ಕೇಳಿದ, "ನಮ್ಮೂರ ಕೆರೆಬೀದಿಯಲ್ಲಿ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತಿವೆ. ಮೊನ್ನೆ ಇಡೀ ದಿನ ಅಲ್ಲಿ ಅಡ್ಡಾಡಿ ಬಂದೆ. ಒಂದೊಂದು ಅಂಗಡಿಯ ಮುಂದೆ ನಿಂತಾಗಲೂ ಕಣ್ಣು ತುಂಬಿತು. ಇಷ್ಟು ಪ್ರೀತಿಸುವವರಿದ್ದೂ ಅವು ಯಾಕೆ ಉಳಿಯುವುದಿಲ್ಲ?"

ಗುರುಗಳು ಹೇಳಿದರು:

ಒಂದು ಊರಿನ ಕೆರೆದಂಡೆಯಲ್ಲಿ ಒಬ್ಬ ವ್ಯಾಪಾರಿಯ ಸೀರೆ ಅಂಗಡಿ ಇತ್ತು. ಅಂಗಡಿಯ ಎದುರಿಗೇ ನೀರಿಗಿಳಿಯುವ ಮೆಟ್ಟಿಲು. ಸೀರೆ ಮೆಚ್ಚಿದ ಹೆಂಗಸು ಅದರ ಸೆರಗಿನ ತುದಿಯನ್ನು ಕೆರೆಯಲ್ಲಿ ಅದ್ದಿ, ಅಂಗೈಯಲ್ಲಿ ಹಿಂಡಿ ನೋಡುವಳು. ಅಂಗೈಗೆ ಬಣ್ಣ ಹತ್ತಿದರೆ ವ್ಯಾಪಾರಿ ಮರುಮಾತಿಲ್ಲದೆ ಸೀರೆಯನ್ನು ಹಿಂದಕ್ಕೆ ತೆಗೆದುಕೊಳ್ಳುವನು. ಹತ್ತದಿದ್ದರೆ ಅವಳು ಕೊಳ್ಳಲೇಬೇಕು. ನೀರು ಸೋಕಿದ ಕಡೆ ಗಂಜಿ ಹೋಗಿ ಬಟ್ಟೆ ಮುದುಡುತ್ತದೆ. ಅದನ್ನು ಹೊಸದೆಂದು ಮತ್ತೊಬ್ಬರು ಒಯ್ಯುವುದಿಲ್ಲ. ಈ ಕಟ್ಟಳೆಯನ್ನು ಯಾರೂ ಬರೆದಿಟ್ಟಿರಲಿಲ್ಲ. ಯಾರೂ ಮೀರಿಯೂ ಇರಲಿಲ್ಲ.

ಆ ಊರಿನಲ್ಲಿ ಬೆಳೆದ ಒಬ್ಬ ಅಧಿಕಾರಿ ಬೇರೆ ಕಡೆ ನೆಲೆಸಿದ್ದ. ಚಿಕ್ಕಂದಿನಲ್ಲಿ ಅವನು ಆ ಮೆಟ್ಟಿಲ ಮೇಲೆ ಕೂತು, ತಾಯಿಯ ಅಂಗೈಯನ್ನು ಇಣುಕಿ ನೋಡಿದ್ದ. ವರ್ಷಕ್ಕೊಮ್ಮೆ ಸ್ನೇಹಿತರನ್ನು ಕರೆತಂದು ಕೆರೆಬೀದಿಯನ್ನು ತೋರಿಸುವನು. ಕೊನೆಗೆ ಸೀರೆ ಅಂಗಡಿಗೆ ಬಂದು ಒಂದು ಸೀರೆ ಬಿಚ್ಚಿಸಿ, ತಾನೇ ಮೆಟ್ಟಿಲಿಳಿದು ಸೆರಗು ಅದ್ದಿ, ತಾಯಿ ಹಿಂಡುತ್ತಿದ್ದಂತೆಯೇ ಹಿಂಡುವನು. ತಾಯಿಯನ್ನು ನೆನೆದು ಕಣ್ಣೊರೆಸಿಕೊಳ್ಳುವನು. ನೋಡಿದವರ ಮನಸ್ಸೂ ತುಂಬುವುದು. ಆಮೇಲೆ ಸೀರೆಯನ್ನು ಅಲ್ಲೇ ಇಟ್ಟು, ವ್ಯಾಪಾರಿಯ ಬೆನ್ನು ತಟ್ಟಿ ಹೊರಡುವನು.

ಮೂರು ವರ್ಷ ಹೀಗೇ ನಡೆಯಿತು. ಅಷ್ಟರಲ್ಲಿ ಗಿರಾಕಿಗಳು ಹೊಸ ರಸ್ತೆಯ ಅಂಗಡಿಗಳ ಕಡೆ ಸರಿದಿದ್ದರು. ಯುಗಾದಿಯವರೆಗೆ ನೋಡುತ್ತೇನೆ, ವ್ಯಾಪಾರ ಕುದುರದಿದ್ದರೆ ಕದ ಹಾಕುತ್ತೇನೆ ಎಂದು ವ್ಯಾಪಾರಿ ಹೆಂಡತಿಗೆ ಹೇಳಿದ್ದ.

ನಾಲ್ಕನೆಯ ವರ್ಷ ಅಧಿಕಾರಿ ಹತ್ತು ಜನರೊಡನೆ ಬಂದ. ದೂರದಿಂದಲೇ ಕಂಡ ವ್ಯಾಪಾರಿಯ ಹೆಂಡತಿ, ನಿಮ್ಮ ಅಳಿಯ ಬಂದ, ಉಡುಗೊರೆ ತೆಗೆದಿಡಿ ಎಂದು ಗಂಡನನ್ನು ಚುಚ್ಚಿದಳು. ಆದರೂ ಅವನು ಆಸೆಯಿಂದ, ಇದ್ದುದರಲ್ಲಿ ಒಳ್ಳೆಯ ಸೀರೆಯನ್ನೇ ಬಿಚ್ಚಿದ. ಅಧಿಕಾರಿ ಅದ್ದಿದ, ಹಿಂಡಿದ. ಅಂಗೈಗೆ ಬಣ್ಣ ಹತ್ತಿರಲಿಲ್ಲ. ಎಲ್ಲರಿಗೂ ಅದನ್ನು ತೋರಿಸಿ, ಸೀರೆಯನ್ನು ಮಡಚಿಟ್ಟ. ಬೀದಿಯಲ್ಲಿ ಮುಚ್ಚಿದ ಕದಗಳನ್ನು ಕಂಡು ಬಂದಿದ್ದ ಅವನು, ಈ ಅಂಗಡಿಯನ್ನು ಮಾತ್ರ ಮುಚ್ಚಬೇಡಿ, ಇದರಲ್ಲಿ ನಮ್ಮ ತಾಯಿ ಇದ್ದಾಳೆ ಎಂದ.

ವ್ಯಾಪಾರಿ ಹೇಳಿದ: "ಸ್ವಾಮಿ, ನಿಮ್ಮ ತಾಯಿಯವರು ಅದ್ದಿದ ಸೀರೆಯನ್ನು ಒಂದು ಸಲವೂ ಬಿಟ್ಟು ಹೋದವರಲ್ಲ."

ಅಧಿಕಾರಿ ನಾಚಿ ಜೇಬಿಗೆ ಕೈ ಹಾಕಿದ. ದುಡ್ಡು ತೆಗೆದುಕೊಳ್ಳಿ, ಸೀರೆ ಇಲ್ಲೇ ಇರಲಿ, ನಮ್ಮ ಮನೆಯಲ್ಲಿ ಇಂಥದ್ದನ್ನು ಯಾರೂ ಉಡುವುದಿಲ್ಲ ಎಂದ.

"ಉಡುವವರಿಲ್ಲ ಅಂದ ಮೇಲೆ ನಾನು ಅಂಗಡಿ ತೆರೆದಿಡುವುದು ಯಾರಿಗೆ ಸ್ವಾಮಿ?" ಎಂದು ವ್ಯಾಪಾರಿ ಆ ದುಡ್ಡನ್ನು ಮುಟ್ಟಲಿಲ್ಲ. ಯುಗಾದಿಯ ಮಾರನೆಯ ದಿನ ಅವನು ಕದ ತೆರೆಯಲಿಲ್ಲ.

ಕತೆ ಮುಗಿಯಿತು. ಚನ್ನವೀರನಿಗೆ ಸಮಾಧಾನವಾಗಲಿಲ್ಲ. ಆ ಅಧಿಕಾರಿಯದೂ ಪ್ರೀತಿಯೇ ಅಲ್ಲವೇ ಎಂದು ಕೇಳಿದ.

ಗುರುಗಳು ಅವನ ಮುಖ ನೋಡಿದರು.

"ಪ್ರೀತಿಯೇ. ಮೊನ್ನೆ ಇಡೀ ದಿನ ಅಡ್ಡಾಡಿದೆಯಲ್ಲ ತಮ್ಮಾ, ನೀನು ಏನು ಕೊಂಡೆ?"